ವಿಕಲಚೇತನರಿಗೆ ಕೈ–ಉಗುರು ಆರೈಕೆ

ಕೈ ತೊಳೆದು, ಉಗುರು ಕತ್ತರಿಸಿ, ಫೈಲ್ ಮಾಡಿ ಆಕಾರ ಕೊಟ್ಟು, ಎಣ್ಣೆಯನ್ನೋ ಕ್ರೀಮನ್ನೋ ತಿಕ್ಕಿ, ಬೇಕೆಂದವರಿಗೆ ಬಣ್ಣ ಹಚ್ಚುವ ಸೇವೆಯನ್ನು ಬ್ಯೂಟಿ ಪಾರ್ಲರುಗಳಲ್ಲಿ ಮ್ಯಾನಿಕ್ಯೂರ್ ಎನ್ನುತ್ತಾರೆ. ಪಾರ್ಶ್ವವಾಯು ಬಡಿದವರು, ಬೆನ್ನುಹುರಿಗೆ ಪೆಟ್ಟಾದವರು, ಪೋಲಿಯೊ, ಸೆರೆಬ್ರಲ್ ಪಾಲ್ಸಿ, ಕುಷ್ಠ, ಸಂಧಿವಾತಗಳಿಂದ ಕೈಕಾಲಿನ ಚಲನೆ ಅಥವಾ ಸ್ಪರ್ಶಜ್ಞಾನ ಕುಂದಿದವರು, ಬೆರಳು ಕಳೆದುಕೊಂಡವರು ಈ ಸೇವೆಗೆ ಬಂದಾಗ ಅದೇ ಕ್ರಮವನ್ನು ಅದೇ ರೀತಿಯಲ್ಲಿ ಮಾಡಲಾಗುವುದಿಲ್ಲ. ನೀರಿನ ಬಿಸಿ, ಕೂರುವ ಭಂಗಿ, ಕೈ ಹಿಡಿಯುವ ಬಗೆ, ಬಳಸುವ ಉಪಕರಣ, ತಗಲುವ ಹೊತ್ತು ಎಲ್ಲವೂ ಬದಲಾಗಬೇಕಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಮತ್ತು ಅದರ ಸುತ್ತಿನ ಸೊರಬ–ಶಿಕಾರಿಪುರ ಸೀಮೆಯನ್ನು ಮುಂದಿಟ್ಟುಕೊಂಡು ಆ ಬದಲಾವಣೆಗಳನ್ನು ಈ ಲೇಖನ ವಿವರಿಸುತ್ತದೆ.

ದೈಹಿಕ ವೈಕಲ್ಯವಿರುವವರಿಗೆ ಉಗುರಿನ ಆರೈಕೆ ಶೋಕಿಯ ಮಾತಷ್ಟೇ ಅಲ್ಲ. ಬಿಗಿದ ಮುಷ್ಟಿಯೊಳಗೆ ಬೆಳೆದ ಉಗುರು ಅಂಗೈಗೆ ಚುಚ್ಚಿ ಗಾಯ ಮಾಡುತ್ತದೆ. ಜೋಮು ಹಿಡಿದ ಬೆರಳಿನಲ್ಲಿ ಸಿಬಿರು ಎದ್ದರೆ ಕೀವು ತುಂಬುವವರೆಗೂ ಗೊತ್ತಾಗುವುದಿಲ್ಲ. ಹಾಗೆಂದು ಅದನ್ನು ಬರೀ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸುವುದೂ ತಪ್ಪು. ಪಾರ್ಲರಿಗೆ ಬರುವ ಹೆಣ್ಣುಮಗಳಿಗೆ ತನ್ನ ಕೈ ಚಂದ ಕಾಣಬೇಕೆಂಬ ಆಸೆ ಇರುತ್ತದೆ. ಆಸ್ಪತ್ರೆಯಲ್ಲಿ ಅವಳ ಕೈಗೆ ಬ್ಯಾಂಡೇಜ್ ಸಿಗಬಹುದು, ಬಣ್ಣ ಸಿಗುವುದಿಲ್ಲ. ಅವಳು ದುಡ್ಡು ಕೊಟ್ಟು ಬಂದ ಗಿರಾಕಿ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಉಳಿದ ಎಲ್ಲ ಕುಶಲತೆಗೂ ಅರ್ಥ ಬರುತ್ತದೆ.

ಹಿನ್ನೆಲೆ

ಪಾರ್ಲರು ಹಳ್ಳಿಗೆ ಹೊಸದು, ಉಗುರು ತೆಗೆಸಿಕೊಳ್ಳುವುದು ಹೊಸದಲ್ಲ. ಊರಿನ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ಕ್ಷೌರದ ಪೆಟ್ಟಿಗೆಯಲ್ಲಿ ಕತ್ತಿ, ಕತ್ತರಿ, ಬಾಚಣಿಗೆಗಳ ಜೊತೆ ಉಗುರು ತೆಗೆಯುವ ಚಿಕ್ಕ ಚಪ್ಪಟೆ ಉಳಿಯೂ ಇರುತ್ತಿತ್ತು. ಅವನು ಮನೆಮನೆಗೆ ಹೋಗುತ್ತಿದ್ದ, ಕೂಲಿ ಸುಗ್ಗಿಯಲ್ಲಿ ಭತ್ತದ ರೂಪದಲ್ಲಿ ಸಲ್ಲುತ್ತಿತ್ತು. ಏಳಲಾಗದ ಮುದುಕರಿಗೆ, ಹಾಸಿಗೆ ಹಿಡಿದವರಿಗೆ ಜಗುಲಿಯಲ್ಲಿ ಅಥವಾ ಹಾಸಿಗೆಯ ಪಕ್ಕದಲ್ಲೇ ಕೂತು ಕೂದಲು, ಉಗುರು ತೆಗೆದುಕೊಡುವುದು ಆ ವೃತ್ತಿಯ ಸಹಜ ಭಾಗವಾಗಿತ್ತು. ಇಂದು ಮನೆ ಸೇವೆ ಎಂದು ಹೊಸದಾಗಿ ಕರೆಯುವ ಏರ್ಪಾಡಿಗೆ ನಮ್ಮಲ್ಲಿ ಇಷ್ಟು ಗಟ್ಟಿಯಾದ ಪೂರ್ವಪದ್ಧತಿ ಇದೆ. ಬಸವಣ್ಣನವರ ಒಡನಾಡಿಯಾಗಿದ್ದ 12ನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣನನ್ನು ಉತ್ತರ ಕರ್ನಾಟಕದ ಕ್ಷೌರಿಕ ಸಮುದಾಯ ತನ್ನ ಹಿರಿಯನೆಂದು ಗೌರವಿಸುತ್ತದೆ. ಇಂದು ರಾಜ್ಯದ ಬಹುಭಾಗದಲ್ಲಿ ಈ ವೃತ್ತಿಯವರು ಸವಿತಾ ಸಮಾಜ ಎಂಬ ಹೆಸರಿನಲ್ಲಿ ಸಂಘಟಿತರಾಗಿದ್ದಾರೆ.

ಈ ಹಳೆಯ ಏರ್ಪಾಡನ್ನು ಪೂರ್ತಿ ಹೊಗಳಿ ಬಿಡುವಂತಿಲ್ಲ. ಅದು ಜಾತಿಯ ಗೆರೆಯೊಳಗೆ ನಡೆಯುತ್ತಿತ್ತು. ದಲಿತರ ಮನೆಗೆ ಆ ಪೆಟ್ಟಿಗೆ ಹೋಗುತ್ತಿರಲಿಲ್ಲ. ಕ್ಷೌರದಂಗಡಿಯಲ್ಲಿ ದಲಿತರಿಗೆ ಕೂರಲು ಬಿಡದ ಪ್ರಕರಣಗಳು ಕರ್ನಾಟಕದ ಹಳ್ಳಿಗಳಿಂದ ಈಚಿನವರೆಗೂ ವರದಿಯಾಗಿವೆ. ಬಡತನ, ಜಾತಿ, ವೈಕಲ್ಯ ಮೂರೂ ಒಂದೇ ಮೈಮೇಲೆ ಬಿದ್ದವರಿಗೆ ಉಗುರು ತೆಗೆಯುವ ಕೈ ಎಂದೂ ಹತ್ತಿರ ಬರಲಿಲ್ಲ.

ವಿಕಲಾಂಗರನ್ನು ಹೆಸರಿಟ್ಟು ನೆನೆದ ಒಂದು ಹಳೆಯ ದಾಖಲೆ ಇದೇ ಸೀಮೆಯಲ್ಲಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿ ನಡೆಯುತ್ತಿದ್ದ ವಿದ್ಯೆಗಳನ್ನು ಪಟ್ಟಿ ಮಾಡುತ್ತದೆ. ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತೆಂದೂ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ ಹೇಳುತ್ತದೆ. ಕಾಳಾಮುಖ ಶೈವ ಯತಿಗಳ ಆ ಮಠದಲ್ಲಿ ಇವರು ಧರ್ಮದ ಪಾತ್ರರಾಗಿ ಊಟದ ಸಾಲಿನಲ್ಲಿ ಕೂತವರು. ಕೊಂಡುಕೊಳ್ಳುವವರಾಗಿ, ಇದು ಬೇಕು ಇದು ಬೇಡ ಎನ್ನುವವರಾಗಿ ಅಂಗಡಿಯ ಬಾಗಿಲಿಗೆ ಬರಲು ಇನ್ನೂ ಎಂಟು ಶತಮಾನ ಬೇಕಾಯಿತು.

ಈ ಸೀಮೆಯ ಕೈಗಳು

ಸೊರಬ ಅರೆಮಲೆನಾಡು. ಭತ್ತ, ಅಡಿಕೆ, ಶುಂಠಿ ಇಲ್ಲಿನ ಮುಖ್ಯ ಬೆಳೆಗಳು. ನಾಟಿಯ ತಿಂಗಳುಗಳಲ್ಲಿ ಕೆಸರಿನಲ್ಲೇ ಇರುವ ಕೈಕಾಲುಗಳಿಗೆ ಉಗುರುಸುತ್ತು ಸಾಮಾನ್ಯ. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳುಗಳಿಗೆ ಚೊಗರು ಹತ್ತಿ, ಉಗುರಿನ ಅಂಚು, ಹೆಬ್ಬೆರಳಿನ ಗೆರೆಗಳೆಲ್ಲ ಕಪ್ಪುಗಟ್ಟುತ್ತವೆ. ನಿಂಬೆಹಣ್ಣು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಚರ್ಮ ಸವೆದು ಹೊಸದು ಬರಬೇಕು, ಉಗುರು ಬೆಳೆದು ಹೊರಗೆ ಬರಬೇಕು. ಆರೋಗ್ಯವಂತರ ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಯವರೆಗೆ ಹೊಸದಾಗಲು ಆರು ತಿಂಗಳು. ಅಲುಗಾಡದ ಕೈಯಲ್ಲಿ ಈ ಬೆಳವಣಿಗೆ ಇನ್ನೂ ನಿಧಾನ. ಕಾಲಿನ ಬಲವಿಲ್ಲದವರು ಕೂತಲ್ಲೇ ಮಾಡಬಹುದಾದ ಕೆಲಸವೆಂದರೆ ಸುಲಿಯುವುದು, ಆರಿಸುವುದು, ಹೊಲಿಗೆ, ಹೂ ಕಟ್ಟುವುದು. ಅಂಥವರಿಗೆ ಕೈಯೇ ಬಂಡವಾಳ. ಆದ್ದರಿಂದ ಚೊಗರನ್ನು ಕೂಡಲೇ ತೆಗೆಯುತ್ತೇನೆಂದು ಬ್ಲೀಚ್ ಹಚ್ಚುವ ಉತ್ಸಾಹ ಬೇಡ, ಸ್ಪರ್ಶಜ್ಞಾನ ಕುಂದಿದ ಕೈಗಂತೂ ಖಂಡಿತ ಬೇಡ.

ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಮೂಳೆ–ಕೀಲುಗಳ ಒಂದು ಕಾಯಿಲೆ ವೈದ್ಯರ ಗಮನಕ್ಕೆ ಬಂತು. ಊರ ಹೆಸರಿನಿಂದಲೇ ಅದು ಹಂದಿಗೋಡು ಕಾಯಿಲೆ ಎಂದು ಹೆಸರಾಯಿತು. ಅನುವಂಶೀಯವಾದ ಈ ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ, ಹೆಚ್ಚಾಗಿ ದಲಿತ ಸಮುದಾಯದ ಕುಟುಂಬಗಳಲ್ಲಿ ಕಾಣಿಸಿಕೊಂಡಿದೆ. ಸೊಂಟದ ಕೀಲು, ಮಂಡಿ, ಬೆನ್ನುಮೂಳೆ ಸವೆದು ನಡೆಯುವುದು, ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು ಕಷ್ಟವಾಗುತ್ತದೆ. ಕೆಲವರಲ್ಲಿ ಕುಬ್ಜತೆಯೂ ಇರುತ್ತದೆ. ಇವರ ಕೈ ಚೆನ್ನಾಗಿಯೇ ಇರಬಹುದು, ತಮ್ಮ ಕಾಲಿನ ಉಗುರನ್ನು ಮುಟ್ಟಲು ಮಾತ್ರ ಬಗ್ಗಲಾಗದು. ಪಾರ್ಲರಿನ ತಗ್ಗಿನ ಸೋಫಾದಲ್ಲಿ ಕೂತರೆ ಏಳಲಾಗದು. ಎತ್ತರದ, ಕೈಯಾನಿಕೆ ಇರುವ ಗಟ್ಟಿ ಕುರ್ಚಿ, ಗಿಡ್ಡಗಿರುವವರಿಗೆ ಕಾಲ ಕೆಳಗೊಂದು ಮಣೆ ಇಷ್ಟಿದ್ದರೆ ಇವರ ಮಟ್ಟಿಗೆ ಅರ್ಧ ಸಮಸ್ಯೆ ಕಳೆಯಿತು.

ಪೋಲಿಯೊ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಿದೆ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು, 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಪೋಲಿಯೊಮುಕ್ತವೆಂದು ಪ್ರಮಾಣೀಕರಿಸಿತು. ಅದಕ್ಕೂ ಹಿಂದೆ ಪೋಲಿಯೊಗೆ ತುತ್ತಾದವರಲ್ಲಿ ಬಹುಪಾಲು ಜನ ಇಂದು ನಡುವಯಸ್ಸಿನವರು. ಇವರಲ್ಲಿ ಹಲವರು ಮೊಣಕಾಲಿಗೆ ಕೈ ಊರಿ ನಡೆಯುತ್ತಾರೆ, ಕೆಲವರು ನೆಲಕ್ಕೆ ಕೈ ಊರಿ ಸರಿಯುತ್ತಾರೆ, ಊರುಗೋಲು ಅಥವಾ ಗಾಲಿಕುರ್ಚಿ ಬಳಸುತ್ತಾರೆ. ಅವರ ಅಂಗೈಯ ದಡ್ಡು ವರ್ಷಗಟ್ಟಲೆ ಮೈಭಾರ ಹೊತ್ತು ಬಂದದ್ದು, ಅವರನ್ನು ಕಾಯುವ ಚರ್ಮ ಅದು. ಪಾದದ ದಡ್ಡಿನಂತೆ ಅದನ್ನು ಬ್ಲೇಡಿನಲ್ಲಿ ಹೆರೆದುಹಾಕಿದರೆ ಮರುದಿನದಿಂದ ಊರುಗೋಲು ಹಿಡಿಯುವುದೇ ನೋವಿನ ಕೆಲಸವಾಗುತ್ತದೆ. ಬಿರುಕನ್ನಷ್ಟೇ ನಯಗೊಳಿಸಿ, ಎಣ್ಣೆ ಹಚ್ಚಿ, ದಡ್ಡನ್ನು ಅದರ ಪಾಡಿಗೆ ಬಿಡಬೇಕು. ಅಂಗೈಗೆ ಜಾರುವ ಕ್ರೀಮು ಹಚ್ಚಿದ್ದರೆ ಗಿರಾಕಿ ಏಳುವ ಮೊದಲು ಒಣಬಟ್ಟೆಯಿಂದ ಒರೆಸಲೇಬೇಕು. ಜಾರಿದ ಕೈಗೆ ಗಾಲಿ ಸಿಗುವುದಿಲ್ಲ, ಊರುಗೋಲೂ ನಿಲ್ಲುವುದಿಲ್ಲ.

ಬಿಗಿದ ಮುಷ್ಟಿ

ಪಾರ್ಶ್ವವಾಯುವಿನ ನಂತರ, ಸೆರೆಬ್ರಲ್ ಪಾಲ್ಸಿಯಲ್ಲಿ ಸ್ನಾಯುಗಳು ಸೆಟೆದುಕೊಂಡು ಬೆರಳುಗಳು ಅಂಗೈಗೆ ಮಡಚಿಕೊಳ್ಳುತ್ತವೆ. ಹೆಬ್ಬೆರಳು ಹಲವು ಸಲ ಒಳಗೇ ಸಿಕ್ಕಿಕೊಂಡಿರುತ್ತದೆ. ಮನೆಯವರು ನೋವಾದೀತೆಂದು ಮುಟ್ಟಲು ಹೆದರುತ್ತಾರೆ, ಉಗುರು ಬೆಳೆಯುತ್ತದೆ, ಒಳಗೆ ಬೆವರು ಕಟ್ಟಿ ಚರ್ಮ ಬೆಳ್ಳಗೆ ನೆನೆದು ವಾಸನೆ ಬರುತ್ತದೆ. ಇಂಥ ಕೈ ಮುಂದೆ ಬಂದಾಗ ಅನುಭವವಿಲ್ಲದವರು ಮಾಡುವ ಮೊದಲ ಕೆಲಸ ಬೆರಳಿನ ತುದಿ ಹಿಡಿದು ಬಿಡಿಸಲು ಎಳೆಯುವುದು. ಎಳೆದಷ್ಟೂ ಮುಷ್ಟಿ ಬಿಗಿಯುತ್ತದೆ. ಸೆಟೆದ ಸ್ನಾಯುವಿನ ಗುಣವೇ ಅದು: ಸಟಕ್ಕನೆ ಎಳೆದರೆ ಎದುರು ಎಳೆಯುತ್ತದೆ.

ಬಿಡಿಸುವ ದಾರಿ ಮಣಿಕಟ್ಟಿನಿಂದ ಶುರುವಾಗುತ್ತದೆ. ಮೊದಲು ಮೊಣಕೈ ಮತ್ತು ಮುಂಗೈ ಪೂರ್ತಿ ದಿಂಬಿನ ಮೇಲೆ ಒರಗಿರಬೇಕು. ಪಾರ್ಶ್ವವಾಯು ಆದವರ ಭುಜದ ಕೀಲು ಸಡಿಲಗೊಂಡಿರಬಹುದಾದ್ದರಿಂದ ತೋಳನ್ನು ಹಿಡಿದು ಮೇಜಿನ ಮೇಲೆ ಎಳೆದುಕೊಳ್ಳಬಾರದು. ಆಮೇಲೆ ಮಣಿಕಟ್ಟನ್ನು ನಿಧಾನವಾಗಿ ಅಂಗೈಯ ಕಡೆಗೆ ಇನ್ನಷ್ಟು ಬಗ್ಗಿಸಬೇಕು. ಬೆರಳು ಮಡಚುವ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಹೋಗುತ್ತವೆ. ಮಣಿಕಟ್ಟು ಬಾಗಿದಾಗ ಅವು ಸಡಿಲವಾಗಿ ಬೆರಳುಗಳು ತಾವಾಗಿ ಸ್ವಲ್ಪ ಬಿಚ್ಚಿಕೊಳ್ಳುತ್ತವೆ. ಹೆಬ್ಬೆರಳನ್ನು ತುದಿಯಲ್ಲಿ ಹಿಡಿಯದೆ ಬುಡದ ಉಬ್ಬಿನಲ್ಲಿ ಹಿಡಿದು ಹೊರಗೆ ತರಬೇಕು. ಒಂದೊಂದು ಬೆರಳಿನ ಕೆಳಗೂ ಮೃದು ಬಟ್ಟೆಯ ಸುರುಳಿಯನ್ನು ಸರಿಸಿ, ಅದು ಇರುವಷ್ಟು ಜಾಗದಲ್ಲೇ ಕೆಲಸ ಮುಗಿಸಬೇಕು. ಕತ್ತರಿಗಿಂತ ಫೈಲ್ ಲೇಸು: ನಡುವೆ ಕೈ ಸೆಳೆದುಕೊಂಡರೂ ಕೊಯ್ಯುವುದಿಲ್ಲ. ಪಾರ್ಶ್ವವಾಯುವಿನ ಬಳಿಕ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಬಹಳ. ಅವರಿಗೆ ಚಿಕ್ಕ ಗೀರಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಉಗುರಿನ ಬುಡದ ಕ್ಯುಟಿಕಲ್ ಅನ್ನು ಕತ್ತರಿಸದೆ ಎಣ್ಣೆಯಲ್ಲಿ ನೆನೆಸಿ ಹಿಂದಕ್ಕೆ ತಳ್ಳುವುದಷ್ಟೇ ಸಾಕು. ಮುಷ್ಟಿ ಬಿಚ್ಚಿದ ಹೊತ್ತಿನಲ್ಲಿ ಅಂಗೈಯನ್ನೂ ಬೆರಳ ಸಂದುಗಳನ್ನೂ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿಸುವುದು ಬಣ್ಣಕ್ಕಿಂತ ದೊಡ್ಡ ಸೇವೆ.

ಎಡಭಾಗ ಸೋತವರಲ್ಲಿ ಕೆಲವರಿಗೆ ಎಡಗಡೆ ಏನಿದೆ ಎಂಬ ಪರಿವೆಯೇ ಇರುವುದಿಲ್ಲ. ಅವರಿಗೆ ಬಲಗಡೆಯಿಂದ ಮಾತಾಡಿಸಿ, ಎಡಗೈಯನ್ನು ಅವರ ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಂಡು ಕೆಲಸ ಮಾಡಬೇಕು. ಸೆರೆಬ್ರಲ್ ಪಾಲ್ಸಿಯ ಕೆಲವು ಬಗೆಗಳಲ್ಲಿ ಹಠಾತ್ ಸದ್ದಿಗೆ, ಹೇಳದೆ ಮುಟ್ಟಿದ್ದಕ್ಕೆ ಇಡೀ ಮೈ ಬೆಚ್ಚಿ ಸೆಟೆಯುತ್ತದೆ. ಮುಟ್ಟುವ ಮೊದಲು ಹೇಳಬೇಕು, ಡ್ರೈಯರ್ ಹಾಕುವ ಮೊದಲೂ ಹೇಳಬೇಕು.

ಬೆನ್ನುಹುರಿ

ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಕೈಯ ವಿಷಯದಲ್ಲಿ ಪಾರ್ಲರಿನ ಒಳ್ಳೆಯ ಉದ್ದೇಶವೇ ಕೆಡುಕು ಮಾಡಬಲ್ಲದು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ಮಲೆನಾಡಿನಲ್ಲಿ ಇದ್ದಾರೆ. ಅವರಲ್ಲಿ ಕೆಲವರಿಗೆ ಬೆರಳು ಆಡುವುದಿಲ್ಲ, ಮಣಿಕಟ್ಟನ್ನು ಮೇಲೆತ್ತುವ ಶಕ್ತಿ ಮಾತ್ರ ಉಳಿದಿರುತ್ತದೆ. ಮಣಿಕಟ್ಟು ಮೇಲೆದ್ದಾಗ ಮುಂಗೈಯ ರಜ್ಜುಗಳು ಬಿಗಿದು ಬೆರಳುಗಳು ತಾವಾಗಿ ಮಡಚುತ್ತವೆ. ಈ ಉಪಾಯದಿಂದಲೇ ಅವರು ಲೋಟ ಹಿಡಿಯುತ್ತಾರೆ, ಫೋನ್ ಎತ್ತಿಕೊಳ್ಳುತ್ತಾರೆ, ತಿನ್ನುತ್ತಾರೆ. ಬೆರಳುಗಳ ಆ ಬಿಗಿತವನ್ನು ಚಿಕಿತ್ಸಕರು ಬೇಕೆಂದೇ ಉಳಿಸಿರುತ್ತಾರೆ. ಮಸಾಜಿನ ಹೆಸರಿನಲ್ಲಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಅದೇ ಹೊತ್ತಿಗೆ ಬೆರಳುಗಳನ್ನೂ ನೆಟ್ಟಗೆ ಚಾಚಿ ಎಳೆಯುತ್ತ ಹೋದರೆ ರಜ್ಜುಗಳು ಸಡಿಲಗೊಂಡು ಆ ಹಿಡಿತ ಹೋಗುತ್ತದೆ. ಮತ್ತೆ ಬರುವುದು ಸುಲಭವಲ್ಲ. ಬೆರಳು ಚಾಚಬೇಕಾದರೆ ಮಣಿಕಟ್ಟು ಕೆಳಗೆ ಬಾಗಿರಬೇಕು ಎಂಬ ಒಂದೇ ನಿಯಮ ನೆನಪಿದ್ದರೆ ಇದನ್ನು ತಪ್ಪಿಸಬಹುದು.

ಎದೆಯ ಮೇಲ್ಭಾಗದ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಇನ್ನೊಂದು ಅಪಾಯವಿದೆ. ಅವರಿಗೆ ಅರಿವಾಗದ ಭಾಗದಲ್ಲಿ ನೋವಿನ ಪ್ರಚೋದನೆ ಆದರೆ, ಉದಾಹರಣೆಗೆ ಕಾಲ್ಬೆರಳಿನ ಮಾಂಸದೊಳಗೆ ಬೆಳೆದ ಉಗುರನ್ನು ಕೆದಕಿದರೆ, ನೋವು ಗೊತ್ತಾಗದಿದ್ದರೂ ರಕ್ತದೊತ್ತಡ ಏಕಾಏಕಿ ಏರುತ್ತದೆ. ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು, ಹಣೆಯಲ್ಲಿ ಬೆವರು ಅದರ ಗುರುತು. ಕೂಡಲೇ ಕೆಲಸ ನಿಲ್ಲಿಸಿ, ಅವರನ್ನು ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿದೆಯೇ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಇದು ಪ್ರಾಣಕ್ಕೆ ಕುತ್ತು ತರುವ ತುರ್ತು. ಮಾಂಸದೊಳಗೆ ಬೆಳೆದ ಉಗುರು ಪಾರ್ಲರಿನ ಕೆಲಸವಲ್ಲ, ವೈದ್ಯರದು.

ಜೋಮುಗಟ್ಟಿದ ಕೈ

ಕುಷ್ಠದಿಂದ ಬೆರಳು ತಾನಾಗಿ ಉದುರುತ್ತದೆ ಎಂದು ಜನ ಶತಮಾನಗಳ ಕಾಲ ನಂಬಿದ್ದರು. 1940ರ ದಶಕದ ಕೊನೆಯಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಬೆರಳು ಸವೆಯುವುದಕ್ಕೆ ಮುಖ್ಯ ಕಾರಣ ನರ ಸತ್ತು ನೋವು ಗೊತ್ತಾಗದಿರುವುದು ಎಂದು ತೋರಿಸಿಕೊಟ್ಟರು. ಬಿಸಿ ಪಾತ್ರೆ ಹಿಡಿದರೂ ಅರಿವಿಲ್ಲ, ಮುಳ್ಳು ಚುಚ್ಚಿದರೂ ಅರಿವಿಲ್ಲ; ಗಾಯದ ಮೇಲೆ ಗಾಯವಾಗಿ ಬೆರಳು ಕುಗ್ಗುತ್ತದೆ. ಬೆವರಿನ ನರಗಳೂ ಸತ್ತಿರುವುದರಿಂದ ಚರ್ಮ ಒಣಗಿ ಬಿರಿಯುತ್ತದೆ. ಕಿರುಬೆರಳು, ಉಂಗುರ ಬೆರಳು ಮೊದಲು ಕೊಕ್ಕೆಯಂತೆ ಬಾಗುವುದೂ ನರದ ತೊಂದರೆಯಿಂದಲೇ.

ಇಂಥವರಿಗೆ ಆರೋಗ್ಯ ಕಾರ್ಯಕರ್ತರು ದಿನಕ್ಕೊಮ್ಮೆ ಮಾಡಿಕೊಳ್ಳಲು ಕಲಿಸುವ ಸ್ವಯಂ ಆರೈಕೆ ಹೀಗಿದೆ: ಕೈಕಾಲುಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆಯವರೆಗೆ ನೆನೆಸುವುದು, ಗಟ್ಟಿ ಚರ್ಮವನ್ನು ಒರಟು ವಸ್ತುವಿನಿಂದ ಮೆಲ್ಲಗೆ ಉಜ್ಜುವುದು, ಒದ್ದೆ ಇರುವಾಗಲೇ ಎಣ್ಣೆ ಹಚ್ಚುವುದು, ಹೊಸ ಗಾಯವಿದೆಯೇ ಎಂದು ಕಣ್ಣಾರೆ ನೋಡುವುದು. ನೆನೆಸುವುದು, ಉಜ್ಜುವುದು, ಎಣ್ಣೆ, ಪರೀಕ್ಷೆ, ಇದು ಮ್ಯಾನಿಕ್ಯೂರಿನ ಕ್ರಮವೇ. ತಾವು ಇದನ್ನು ಆಗಲೇ ಬಲ್ಲೆವು ಎಂದು ಪಾರ್ಲರುಗಳಿಗೆ ಹೊಳೆದಂತಿಲ್ಲ ಎನ್ನುವುದು ದುಃಖದ ಸಂಗತಿ. ಬಹು ಔಷಧ ಚಿಕಿತ್ಸೆ ಶುರುವಾದ ಮೇಲೆ ಕುಷ್ಠ ಹರಡುವುದಿಲ್ಲ. ಗುಣವಾದವರಿಂದ ಹರಡುವ ಮಾತೇ ಇಲ್ಲ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಾನೂನಿನ ಮಾತುಗಳನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. ಕೈ ಮುಟ್ಟಲು ಹಿಂಜರಿಯುವ ಅಭ್ಯಾಸ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಸಕ್ಕರೆ ಕಾಯಿಲೆಯಿಂದ ಜೋಮು ಬಂದವರಿಗೂ ಇದೇ ಎಚ್ಚರ ಬೇಕು. ಬಿಸಿನೀರಿನ ಬಟ್ಟಲನ್ನು ಗಿರಾಕಿಯ ಕೈಯಿಂದ ಪರೀಕ್ಷಿಸಬಾರದು, ಕೆಲಸ ಮಾಡುವವರು ತಮ್ಮ ಮೊಣಕೈಯಿಂದ ನೋಡಬೇಕು. ಉಗುರುಬೆಚ್ಚಗಿದ್ದರೆ ಸಾಕು. ಜೆಲ್ ಪಾಲಿಶ್ ಗಟ್ಟಿಗೊಳಿಸುವ ದೀಪದ ಕೆಳಗೆ ಉಗುರು ಹಠಾತ್ ಬಿಸಿಯಾಗುವುದುಂಟು. ಬೇರೆಯವರು ಚುರ್ ಎಂದಾಗ ಕೈ ಎಳೆದುಕೊಳ್ಳುತ್ತಾರೆ, ಇವರಿಗೆ ಎಳೆದುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಆದ್ದರಿಂದ ಇವರಿಗೆ ಮಾಮೂಲಿ ನೇಲ್ ಪಾಲಿಶ್ ಒಳ್ಳೆಯದು.

ಸಂಧಿವಾತದವರ ಕೀಲುಗಳು ಬೆಳಗ್ಗೆ ಬಹಳ ಬಿಗಿದಿರುತ್ತವೆ, ಹೊತ್ತೇರಿದ ಮೇಲೆ ಸಡಿಲವಾಗುತ್ತವೆ. ಅವರಿಗೆ ಮಧ್ಯಾಹ್ನದ ಹೊತ್ತು ಕೊಡಬೇಕು, ಬೆರಳು ನೆಟಿಗೆ ತೆಗೆಯುವ ಮಸಾಜ್ ಬಿಡಬೇಕು. ಪಾರ್ಕಿನ್‌ಸನ್ ಕಾಯಿಲೆಯ ನಡುಕವಿರುವವರು ಮಾತ್ರೆಯ ಗುಣ ಹತ್ತಿದ ಹೊತ್ತಿಗೆ ಬಂದರೆ ಇಬ್ಬರಿಗೂ ಅನುಕೂಲ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಕಡೆಯ ಕೈ ಊದಿಕೊಂಡಿದ್ದರೆ ಕ್ಯುಟಿಕಲ್‌ಗೆ ಲೋಹ ತಾಗಿಸಲೇಬಾರದು. ಸಣ್ಣ ಗೀರಿನಿಂದ ಸೋಂಕು ಇಡೀ ತೋಳಿಗೆ ಹರಡಬಹುದು. ಉಪಕರಣಗಳನ್ನು ಪ್ರತಿ ಗಿರಾಕಿಗೂ ತೊಳೆದು ಸೋಂಕು ಕಳೆಯುವ ಮಾತು ಎಲ್ಲರಿಗೂ ಅನ್ವಯಿಸಿದರೂ ಇಂಥವರ ವಿಷಯದಲ್ಲಿ ಅದಕ್ಕೆ ರಿಯಾಯಿತಿಯೇ ಇಲ್ಲ. ಆಸ್ಪತ್ರೆಗೆ ಮತ್ತೆ ಮತ್ತೆ ಹೋಗುವವರಿಗೆ ಒಂದು ಬೆರಳನ್ನು ಬಣ್ಣವಿಲ್ಲದೆ ಬಿಡುವುದು ಜಾಣತನ, ಗಾಢ ಬಣ್ಣದ ಉಗುರಿನ ಮೇಲೆ ಆಮ್ಲಜನಕ ಅಳೆಯುವ ಕ್ಲಿಪ್ ತಪ್ಪು ತೋರಿಸಬಹುದು.

ಉಪಕರಣ, ಮದರಂಗಿ

ಒಂದೇ ಕೈ ಇರುವವರಿಗೆ ಅಥವಾ ಒಂದೇ ಕೈ ಆಡುವವರಿಗೆ ದೊಡ್ಡ ಕಷ್ಟ, ಆಡುವ ಕೈಯ ಉಗುರನ್ನೇ ತೆಗೆದುಕೊಳ್ಳುವುದು. ಇದಕ್ಕೆ ಪರದೇಶದಲ್ಲಿ ಮಾರುವ ಸಾಧನವೆಂದರೆ ಹಲಗೆಗೆ ಬಿಗಿದ ನೇಲ್ ಕಟರ್. ಅದರ ಹಿಡಿಯನ್ನು ಅಂಗೈ ಬುಡದಿಂದಲೋ ಮೊಣಕೈಯಿಂದಲೋ ಒತ್ತಬಹುದು. ಸೊರಬದ ಮನೆಗಳಿಗೆ ಈ ತತ್ವ ಹೊಸದೇನಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯೂ ತರಕಾರಿ ಹೆಚ್ಚುವ ಈಳಿಗೆಮಣೆಯೂ ಹೀಗೆಯೇ: ಅಲಗು ಮಣೆಗೆ ಕಚ್ಚಿಕೊಂಡು ನಿಂತಿರುತ್ತದೆ, ಕೈ ಅದರತ್ತ ಹೋಗುತ್ತದೆ. ಊರಿನ ಬಡಗಿ ಒಂದು ಗಟ್ಟಿ ಹಲಗೆಗೆ ದೊಡ್ಡ ನೇಲ್ ಕಟರನ್ನು ತಿರುಪಿನಿಂದ ಕೂರಿಸಿ, ಪಕ್ಕದಲ್ಲಿ ಫೈಲನ್ನು ಅಂಟಿಸಿ, ಅಡಿಯಲ್ಲಿ ಜಾರದಂತೆ ಸೈಕಲ್ ಟ್ಯೂಬಿನ ತುಂಡು ಹೊಡೆದುಕೊಟ್ಟರೆ ಸಾಧನ ಸಿದ್ಧ. ಪಾರ್ಲರಿನಲ್ಲಿ ಇಂಥದ್ದೊಂದು ಇದ್ದರೆ ತಾವೇ ಮಾಡಿಕೊಳ್ಳುತ್ತೇವೆ ಎನ್ನುವ ಗಿರಾಕಿಗೆ ಆ ಅವಕಾಶ ಸಿಗುತ್ತದೆ. ಎಲ್ಲವನ್ನೂ ಬೇರೆಯವರು ಮಾಡಿಕೊಡಲೆಂದು ಎಲ್ಲರೂ ಬಯಸುವುದಿಲ್ಲ.

ಪಾಲಿಶ್ ಬರುವ ಮೊದಲು ಈ ಸೀಮೆಯ ಉಗುರಿಗೆ ಬಣ್ಣ ಕೊಟ್ಟದ್ದು ಮದರಂಗಿ. ಅರೆದ ಸೊಪ್ಪನ್ನು ಉಗುರಿಗೆ ಮೆತ್ತಿ ಬಟ್ಟೆ ಸುತ್ತಿದರೆ ಬಣ್ಣ ಹಿಡಿಯುತ್ತದೆ. ಚಕ್ಕೆಯೇಳುವುದಿಲ್ಲ, ತೆಗೆಯಲು ರಿಮೂವರ್ ಬೇಡ, ಘಾಟು ಇಲ್ಲ. ಕೈ ನಡುಗುವವರಿಗೆ, ಉಸಿರಾಟದ ತೊಂದರೆ ಇರುವವರಿಗೆ, ತಿಂಗಳಿಗೊಮ್ಮೆ ಪೇಟೆಗೆ ಹೋಗಲಾಗದವರಿಗೆ ಇದು ಪಾಲಿಶ್‌ಗಿಂತ ಅನುಕೂಲದ್ದು ಎಂದು ಧೈರ್ಯವಾಗಿ ಹೇಳಬಹುದು. ಕೂಡಲೇ ಕಪ್ಪಾಗುತ್ತದೆ ಎಂದು ಮಾರುವ ಕಪ್ಪು ಮದರಂಗಿಯಲ್ಲಿ ಕೂದಲು ಬಣ್ಣದ ರಾಸಾಯನಿಕ ಬೆರೆಸಿರುವುದುಂಟು. ಅದು ಚರ್ಮ ಸುಡಬಲ್ಲದು, ದೂರವಿಡಬೇಕು.

ಬೆರಳುಗಳಿಲ್ಲದವರು, ಹುಟ್ಟಿನಿಂದಲೇ ಕೈಗಳಿಲ್ಲದೆ ಕಾಲಿನಲ್ಲಿ ಬರೆಯುವವರು, ಅಡುಗೆ ಮಾಡುವವರು ಬಂದಾಗ ಕಾಲಿಗೆ ಮಾಡುವುದೇ ಅವರ ಮ್ಯಾನಿಕ್ಯೂರ್. ಮೊಂಡಾದ ಬೆರಳಿನ ತುದಿಯಲ್ಲಿ ಚೂರು ಉಗುರು ಉಳಿದಿದ್ದರೆ ಅದಕ್ಕೂ ಬಣ್ಣ ಬೇಕೇ ಎಂದು ಕೇಳಬೇಕು. ಬೇಡವೆಂದಾರು, ಬೇಕೆಂದಾರು.

ಮಾತು

ಜೊತೆಗೆ ಬಂದ ಅತ್ತಿಗೆಯನ್ನೋ ಮಗನನ್ನೋ ನೋಡಿ “ಇವರಿಗೆ ಯಾವ ಬಣ್ಣ ಹಾಕಲಿ?” ಎಂದು ಕೇಳುವುದು ಎಲ್ಲೆಡೆ ಕಾಣುವ ತಪ್ಪು. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಸ್ಟೂಲ್ ಎಳೆದುಕೊಂಡು ಕೂತು, ಅವರನ್ನೇ “ಅಕ್ಕಾ, ಯಾವ ಬಣ್ಣ ಇಷ್ಟ? ಯಾವ ಕೈಯಿಂದ ಶುರು ಮಾಡ್ಲಿ? ಎಲ್ಲಿ ಮುಟ್ಟಿದ್ರೆ ನೋವಾಗ್ತದೆ?” ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಈ ಲೇಖನ ಹೇಳಿದ್ದಕ್ಕಿಂತ ಹೆಚ್ಚು ವಿಷಯ ಇರುತ್ತದೆ. ಸೆರೆಬ್ರಲ್ ಪಾಲ್ಸಿಯವರಲ್ಲಿ ಕೆಲವರ ಮಾತು ತೊದಲುತ್ತದೆ, ಅದರಿಂದ ಬುದ್ಧಿಯೂ ತೊದಲುತ್ತದೆಂದು ತಿಳಿಯಬಾರದು. ಅರ್ಥವಾಗದಿದ್ದರೆ ಮತ್ತೆ ಕೇಳಬೇಕು, ಅರ್ಥವಾದಂತೆ ನಟಿಸಬಾರದು. ಮುಕ್ಕಾಲು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಬೇಕಾಗಬಹುದು. ಅದನ್ನು ಮೊದಲೇ ಲೆಕ್ಕ ಹಾಕಿ ಹೊತ್ತು ಕೊಟ್ಟರೆ ಅವಸರವೂ ಇಲ್ಲ, ಮುಂದಿನ ಗಿರಾಕಿಯ ಗೊಣಗಾಟವೂ ಇಲ್ಲ. ಹೆಚ್ಚಿನ ಹೊತ್ತಿಗೆ ಹೆಚ್ಚಿನ ದುಡ್ಡು ಕೇಳುವುದು ನ್ಯಾಯವಲ್ಲ, ಕರುಣೆಯಿಂದ ಪುಕ್ಕಟೆ ಮಾಡಿಕೊಡುವುದೂ ಅವರಿಗೆ ಗೌರವವಲ್ಲ. ಎಲ್ಲರಿಗಿರುವ ದರವೇ ಇವರಿಗೂ ಇರಬೇಕು.

ಕಟ್ಟಡ, ಕಾನೂನು, ಪಂಚಾಯಿತಿ

ಅಮೆರಿಕದ 1990ರ ವಿಕಲಚೇತನರ ಕಾಯ್ದೆ, ಸಾರ್ವಜನಿಕರಿಗೆ ತೆರೆದಿರಬೇಕಾದ ಸ್ಥಳಗಳ ಪಟ್ಟಿಯಲ್ಲಿ ಕ್ಷೌರದಂಗಡಿ ಮತ್ತು ಬ್ಯೂಟಿ ಪಾರ್ಲರುಗಳನ್ನು ಹೆಸರಿಟ್ಟೇ ಸೇರಿಸಿದೆ. ಭಾರತದ ಸಂವಿಧಾನದ 15ನೆಯ ವಿಧಿ ಅಂಗಡಿಗಳಿಗೆ ಪ್ರವೇಶವನ್ನು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ನಿರಾಕರಿಸಬಾರದೆನ್ನುತ್ತದೆ. ವೈಕಲ್ಯ ಆ ಪಟ್ಟಿಯಲ್ಲಿಲ್ಲ. ಆ ಕೊರತೆಯನ್ನು ತುಂಬಿದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಈ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಕುಷ್ಠದಿಂದ ಗುಣವಾದವರು, ಕುಬ್ಜರು, ಆಸಿಡ್ ದಾಳಿಗೊಳಗಾದವರು ಎಲ್ಲರೂ ಅದರಲ್ಲಿದ್ದಾರೆ. ಸೇವೆ ಕೊಡುವವರು ಸರ್ಕಾರಿ ಇರಲಿ ಖಾಸಗಿ ಇರಲಿ, ಸುಗಮ ಪ್ರವೇಶದ ನಿಯಮಗಳನ್ನು ಪಾಲಿಸಬೇಕೆಂದು 46ನೆಯ ಪ್ರಕರಣ ಹೇಳುತ್ತದೆ. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ ದಂಡವಿದೆ. ನಿಯಮಗಳು ಬರೀ ಸಲಹೆಯ ರೂಪದಲ್ಲಿರುವುದು ಕಾಯ್ದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ತೀರ್ಪಿತ್ತು, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಸೂಚಿಸಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು.

ಅಳತೆಗಳು ಕಷ್ಟದವಲ್ಲ. ಬಾಗಿಲು 90 ಸೆಂಟಿಮೀಟರ್ ಅಗಲ, ಇಳಿಜಾರಿಗೆ ಒಂದು ಅಡಿ ಏರಲು 12 ಅಡಿ ಉದ್ದ, ಒಳಗೆ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಮೇಜಿನಡಿ ಮಂಡಿ ತೂರುವಷ್ಟು ತೆರಪು. ಆದರೆ ಹಳ್ಳಿ, ಹೋಬಳಿ ಊರುಗಳ ಪಾರ್ಲರು ಸಾಮಾನ್ಯವಾಗಿ ಮನೆಯ ಮುಂದಿನ ಕೋಣೆ ಅಥವಾ ಬಾಡಿಗೆ ಮಳಿಗೆ. ಮಳೆನೀರು ನುಗ್ಗದಂತೆ ಮಲೆನಾಡಿನಲ್ಲಿ ಜಗುಲಿ ಎತ್ತರವೇ ಇರುತ್ತದೆ, ಹನ್ನೆರಡು ಅಡಿ ಇಳಿಜಾರಿಗೆ ರಸ್ತೆಯಂಚಿನಲ್ಲಿ ಜಾಗ ಇರುವುದಿಲ್ಲ. ಇಂಥಲ್ಲಿ ಮನೆಗೇ ಹೋಗುವುದು ಮೇಲು. ಒಂದು ಚೀಲದಲ್ಲಿ ಹಿಡಿಸುವ ಉಪಕರಣ, ಎರಡು ಬಟ್ಟಲು, ನಾಲ್ಕು ಟವೆಲ್, ಎರಡು ದಿಂಬು ಇದ್ದರೆ ಸಾಕು.

ಹೆಣ್ಣುಮಕ್ಕಳು ಈ ಕೆಲಸ ಕಲಿಯುವ ದಾರಿಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಮುಖ್ಯವಾದವು. 1982ರಲ್ಲಿ ಧರ್ಮಸ್ಥಳದ ಹತ್ತಿರದ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಇವನ್ನು ನಡೆಸುತ್ತವೆ, ಬ್ಯೂಟಿ ಪಾರ್ಲರ್ ತರಬೇತಿ ಇವುಗಳ ಬೇಡಿಕೆಯ ಕೋರ್ಸುಗಳಲ್ಲೊಂದು. ಅದಕ್ಕೆ ಎರಡು ದಿನದ ಪಾಠ ಸೇರಿಸಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಜಿಲ್ಲಾ ಆಸ್ಪತ್ರೆಯ ಫಿಸಿಯೊಥೆರಪಿಸ್ಟರಿಂದ ಮುಷ್ಟಿ ಬಿಡಿಸುವುದನ್ನು, ಜೋಮಿನ ಕೈ ಗುರುತಿಸುವುದನ್ನು ಕೈಯಾರೆ ಕಲಿಸಬಹುದು. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ 1959ರಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ ವಿಕಲಚೇತನರಿಗೆ ವೃತ್ತಿ ತರಬೇತಿ ಕೊಡುತ್ತ ಬಂದಿದೆ. ಕುರ್ಚಿಯಲ್ಲಿ ಕೂತು ಮಾಡುವ ಉಗುರಿನ ಕೆಲಸವನ್ನು ಕಾಲಿನ ಬಲವಿಲ್ಲದ ಹೆಣ್ಣುಮಕ್ಕಳೂ ಕಲಿಯಬಹುದು ಎಂಬ ಸಾಧ್ಯತೆಯನ್ನು ಇಂಥ ತರಬೇತಿ ಮುಂದಿಡುತ್ತದೆ.

ಇಂಥ ಸೇವೆ ಬೇಕಾದವರನ್ನು ಹುಡುಕುವ ಕೆಲಸಕ್ಕೆ ಕರ್ನಾಟಕದಲ್ಲಿ ಏರ್ಪಾಡಿದೆ. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಕೈ ಮಡಚಿದೆ ಎಂಬುದು ಆಶಾ ಕಾರ್ಯಕರ್ತೆಯರಿಗೂ ಅವರಿಗೂ ಗೊತ್ತು. ಗ್ರಾಮ ಪಂಚಾಯಿತಿ ತನ್ನ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು. ಆ ಹಣ ಹೆಚ್ಚಾಗಿ ಒಂದು ಸಲದ ಸಲಕರಣೆ, ಸಹಾಯಧನಗಳಲ್ಲಿ ಮುಗಿಯುತ್ತದೆ. ಕುಪ್ಪಗಡ್ಡೆಯಂಥ ಪಂಚಾಯಿತಿ ಅದರ ಒಂದು ಪಾಲನ್ನು ತಿಂಗಳಿಗೊಮ್ಮೆಯ ಮನೆ ಭೇಟಿಯ ಉಗುರು ಆರೈಕೆಗೆ ಎತ್ತಿಟ್ಟರೆ, ತರಬೇತಾದ ಇಬ್ಬರು ಹೆಣ್ಣುಮಕ್ಕಳಿಗೆ ಖಾತ್ರಿಯ ಕೆಲಸವೂ ಸಿಗುತ್ತದೆ. ಅಂಗಡಿ ಪರವಾನಗಿ ಕೊಡುವುದೂ ಪಂಚಾಯಿತಿಯೇ. ಹೊಸ ಪಾರ್ಲರಿನ ಅರ್ಜಿ ಬಂದಾಗ ಬಾಗಿಲ ಅಗಲ, ಮೆಟ್ಟಿಲು, ಕುರ್ಚಿಯ ಎತ್ತರ ಕೇಳುವ ಒಂದು ಸಾಲನ್ನು ಅರ್ಜಿ ನಮೂನೆಯಲ್ಲಿ ಸೇರಿಸಲು ಬೆಂಗಳೂರಿನ ಆದೇಶಕ್ಕೆ ಕಾಯಬೇಕಾಗಿಲ್ಲ.